ತಲೆ ಒರಗಿಸಿದರೆ ನೀರೇ ಹೊರುತ್ತದೆ

ಬೇಸಿಗೆ ರಜೆ ಬಂತೆಂದರೆ ಈಜುಕೊಳಗಳಲ್ಲಿ ಒಂದು ನೋಟ ಸಾಮಾನ್ಯ. ಮಕ್ಕಳು ನೀರಿನಲ್ಲಿ, ತಂದೆ ತಾಯಂದಿರು ಕಟ್ಟೆಯ ಮೇಲೆ. ಮಕ್ಕಳ ಟವೆಲ್ಲು, ಚಪ್ಪಲಿ, ಬಿಸ್ಕತ್ತಿನ ಪೊಟ್ಟಣ ಕಾಯುವುದೇ ಅವರ ಕೆಲಸ. ‘ನೀನೂ ಇಳಿಯಪ್ಪ’ ಎಂದು ಮಗಳು ಕರೆದರೆ, ‘ಈ ವಯಸ್ಸಿನಲ್ಲಿ ನನಗ್ಯಾಕಮ್ಮ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ತಂದೆ ಹೊಳೆನರಸೀಪುರದವರೋ ಅರಕಲಗೂಡಿನ ಕಡೆಯವರೋ ಆಗಿದ್ದರೆ, ಹುಡುಗನಾಗಿದ್ದಾಗ ಹೇಮಾವತಿಯಲ್ಲೋ ತೋಟದ ಬಾವಿಯಲ್ಲೋ ಈಜಿದವರೇ ಆಗಿರಬಹುದು. ಆಗಿನ ಕಲಿಕೆಯ ಕ್ರಮವೇ ಬೇರೆ. ಸೊಂಟಕ್ಕೆ ಒಂದು ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ, ಇಲ್ಲವೇ ತಬ್ಬಿಕೊಳ್ಳಲು ಒಂದು ಬಾಳೆದಿಂಡು. ಬಾವಿಯ ಮೇಲೆ ನಿಂತ ಮಾವನೋ ಚಿಕ್ಕಪ್ಪನೋ ಹಗ್ಗ ಸಡಿಲ ಬಿಟ್ಟರೆ ಹುಡುಗ ಕೈಕಾಲು ಬಡಿದು ಮೇಲೆ ಬರುತ್ತಿದ್ದ. ನಾಲ್ಕು ದಿನ ಕಳೆದರೆ ಬುರುಡೆ ಬೇಡ, ಎಂಟು ದಿನ ಕಳೆದರೆ ಹಗ್ಗವೂ ಬೇಡ. ಅವರಲ್ಲಿ ನಿಜವಾದ ಈಜುಗಾರ ಯಾರೆಂದು ತಿಳಿಯಲು ಹಿರಿಯರ ಪರೀಕ್ಷೆ ಒಂದೇ ಇತ್ತು: ಕೈಕಾಲು ಬಡಿಯದೆ ನೀರಿನ ಮೇಲೆ ಅಂಗಾತ ಮಲಗಬಲ್ಲನೇ?

ಈ ಅಂಗಾತ ತೇಲುವ ವಿದ್ಯೆಯೇ ಬೆಳೆದು ಇಂದು ಬ್ಯಾಕ್‌ಸ್ಟ್ರೋಕ್ ಎಂಬ ಸ್ಪರ್ಧೆಯಾಗಿದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೇ ಅದಕ್ಕೆ ಸ್ಥಾನ ಸಿಕ್ಕಿತ್ತು. ಅದು ಎಳೆಯರಿಗೆ ಮಾತ್ರ ಮೀಸಲಾದ ಸ್ಪರ್ಧೆಯೂ ಅಲ್ಲ. ವಯಸ್ಕರಿಗಾಗಿಯೇ ‘ಮಾಸ್ಟರ್ಸ್’ ಎಂಬ ಹೆಸರಿನ ಈಜು ಸ್ಪರ್ಧೆಗಳು ಪ್ರಪಂಚದಾದ್ಯಂತ ನಡೆಯುತ್ತವೆ. 25ನೇ ವಯಸ್ಸಿನಿಂದ ಆರಂಭವಾಗಿ ಐದೈದು ವರ್ಷಕ್ಕೊಂದು ಗುಂಪು. ಐವತ್ತೆರಡರ ತಂದೆ ಇಪ್ಪತ್ತೆರಡರ ಹುಡುಗನೊಂದಿಗೆ ಸೆಣಸಬೇಕಿಲ್ಲ. ಐವತ್ತರಿಂದ ಐವತ್ತನಾಲ್ಕರವರೊಂದಿಗೆ ಈಜಿದರೆ ಸಾಕು. ಮೊದಲ ವಿಶ್ವ ಮಾಸ್ಟರ್ಸ್ ಈಜು ಕೂಟ 1986ರಲ್ಲಿ ಟೋಕಿಯೊದಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲೇ, 2023ರ ನವೆಂಬರ್‌ನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ಜರುಗಿತು.

ಒಂದು ಸ್ಕೇಲಿನಷ್ಟು ಅಂತರ

ಬ್ಯಾಕ್‌ಸ್ಟ್ರೋಕ್ ಎಂದರೆ ಇಂದು ಕರ್ನಾಟಕದಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಹರಿ ನಟರಾಜ್. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ತರಬೇತುದಾರ ನಿಹಾರ್ ಅಮೀನ್ ಅವರ ಗರಡಿಯಲ್ಲಿ ಪಳಗಿದವರು. 2021ರ ಜೂನ್‌ನಲ್ಲಿ ರೋಮ್ ನಗರದಲ್ಲಿ 100 ಮೀಟರ್ ದೂರವನ್ನು 53.77 ಸೆಕೆಂಡುಗಳಲ್ಲಿ ಈಜಿದರು. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ ಪಡೆಯಲು ಬೇಕಿದ್ದದ್ದು 53.85 ಸೆಕೆಂಡು. ಅಂದರೆ ನೂರರಲ್ಲಿ ಎಂಟು ಭಾಗದಷ್ಟು ಸೆಕೆಂಡು ಮಾತ್ರ ಮೇಲುಗೈ!

ಇದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 100 ಮೀಟರನ್ನು 53.77ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1.86 ಮೀಟರ್ ವೇಗ. ಆ ವೇಗದಲ್ಲಿ 0.08 ಸೆಕೆಂಡಿನಲ್ಲಿ ಕ್ರಮಿಸುವ ದೂರ ಸುಮಾರು 15 ಸೆಂಟಿಮೀಟರ್. ಜಾಮಿಟ್ರಿ ಬಾಕ್ಸಿನಲ್ಲಿರುವ ಪುಟ್ಟ ಸ್ಕೇಲಿನಷ್ಟು ಉದ್ದ! ಒಲಿಂಪಿಕ್ಸ್‌ನ ಬಾಗಿಲು ತೆರೆದದ್ದು ಅಷ್ಟು ಅಂತರದಲ್ಲಿ. ಟೋಕಿಯೊದಲ್ಲಿ ಅವರು 54.31 ಸೆಕೆಂಡುಗಳಲ್ಲಿ ಈಜಿ 27ನೆಯವರಾದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮತ್ತು 100 ಮೀಟರ್ ಎರಡರಲ್ಲೂ ಫೈನಲ್ ತಲುಪಿದರು.

ಆ ಪುಟ್ಟ ಸ್ಕೇಲಿನಷ್ಟು ದೂರವನ್ನು ಗಳಿಸುವುದು ಹೇಗೆ? ತೋಳಿನ ಬಲದಿಂದ ಎಂದು ಹೆಚ್ಚಿನವರು ಭಾವಿಸುತ್ತಾರೆ. ಬಲ ಬೇಕು, ನಿಜ. ಆದರೆ ಅದಕ್ಕೂ ಮೊದಲು ಬೇಕಾದದ್ದು ನೀರಿನಲ್ಲಿ ದೇಹ ಮಲಗುವ ರೀತಿ. ನಡುವಯಸ್ಸಿನವರಿಗಂತೂ ಇದೇ ಮೊದಲ ಪಾಠ, ಕೊನೆಯ ಪಾಠವೂ ಹೌದು.

ಕಾಲು ಏಕೆ ಮುಳುಗುತ್ತದೆ?

ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿದು, ಅದರ ತಳಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ಬಕೆಟ್ಟಿನ ನೀರಿಗೆ ಬಿಡಿ. ಬಾಟಲಿ ತೇಲುತ್ತದೆ, ಆದರೆ ಕಲ್ಲು ಕಟ್ಟಿದ ತುದಿ ಕೆಳಕ್ಕೆ ವಾಲುತ್ತದೆ. ನಮ್ಮ ದೇಹವೂ ಹೀಗೆಯೇ. ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿದೆ. ಮೂಳೆ, ಸ್ನಾಯುಗಳಿಂದ ಭಾರವಾದ ಕಾಲುಗಳು ಇನ್ನೊಂದು ತುದಿಯಲ್ಲಿವೆ. ನೀರು ಮೇಲಕ್ಕೆ ತಳ್ಳುವ ಬಲದ ಕೇಂದ್ರ ಎದೆಯ ಕಡೆಗಿದ್ದರೆ, ದೇಹದ ಗುರುತ್ವಕೇಂದ್ರ ಸೊಂಟದ ಕಡೆಗಿದೆ. ಇವೆರಡೂ ಒಂದೇ ಜಾಗದಲ್ಲಿಲ್ಲದ ಕಾರಣ ಕಾಲು ಕೆಳಗಿಳಿಯುತ್ತದೆ.

ಈಗ ತಲೆಯ ವಿಷಯ. ಅದರ ತೂಕ ನಾಲ್ಕೈದು ಕಿಲೋ. ಕಿವಿಯವರೆಗೆ ನೀರಿನಲ್ಲಿ ಒರಗಿಸಿದಾಗ ಆ ಭಾರವನ್ನು ಬಹುಮಟ್ಟಿಗೆ ನೀರೇ ಹೊರುತ್ತದೆ. ಗಾಬರಿಯಿಂದಲೋ, ಕಾಲು ಎಲ್ಲಿದೆಯೆಂದು ನೋಡುವ ಕುತೂಹಲದಿಂದಲೋ ತಲೆ ಎತ್ತಿದೊಡನೆ ಆ ಭಾರವೆಲ್ಲ ದೇಹದ ಮೇಲೆ ಬೀಳುತ್ತದೆ. ಏತದ ಮರದಂತೆ ಒಂದು ತುದಿ ಮೇಲೇರಿದರೆ ಇನ್ನೊಂದು ತುದಿ ಇಳಿಯಲೇಬೇಕು. ಸೊಂಟ ಕುಸಿಯುತ್ತದೆ, ಈಜುಗಾರ ನೀರಿನಲ್ಲಿ ಆರಾಮಕುರ್ಚಿಯ ಮೇಲೆ ಕುಳಿತಂತಾಗುತ್ತಾನೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ಅದರ ಎದುರೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಇಂಥ ನೀರನ್ನು ಕುಳಿತ ಭಂಗಿಯಲ್ಲಿ ಸೀಳಿಕೊಂಡು ಹೋಗಲು ಎಷ್ಟು ತೋಳ್ಬಲವಿದ್ದರೂ ಸಾಲದು. ಆದ್ದರಿಂದಲೇ ತರಬೇತುದಾರರು ಹಳೆಯದೊಂದು ಉಪಾಯ ಮಾಡುತ್ತಾರೆ. ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟವನ್ನು ಈಜುಗಾರನ ಹಣೆಯ ಮೇಲಿಟ್ಟು, ಅದು ಬೀಳದಂತೆ ಕಾಲು ಬಡಿಯುತ್ತ ಹೋಗಲು ಹೇಳುತ್ತಾರೆ. ಲೋಟ ನಿಂತರೆ ತಲೆ ನಿಂತಿತು. ತಲೆ ನಿಂತರೆ ಸೊಂಟ ಮೇಲೆ ಬಂದಿತು. ನೋಟ ನೇರ ಆಕಾಶದ ಕಡೆಗೆ, ಕಿವಿ ನೀರಿನೊಳಗೆ, ಕುತ್ತಿಗೆ ಸಡಿಲ, ಹೊಟ್ಟೆ ಮೇಲ್ಮೈಗೆ ಹತ್ತಿರ. ಇಷ್ಟು ಬಂದರೆ ಅರ್ಧ ವಿದ್ಯೆ ಬಂದಂತೆ.

ಕೈ, ಕಾಲು, ಉಸಿರು

ಕೈಗಳದ್ದು ಎದುರುಬದುರಾದ ಚಲನೆ. ಒಂದು ಕೈ ತಲೆಯ ಹಿಂದೆ ನೀರಿಗಿಳಿಯುವಾಗ ಇನ್ನೊಂದು ತೊಡೆಯ ಬಳಿ ತಳ್ಳಾಟ ಮುಗಿಸುತ್ತಿರಬೇಕು. ನೀರಿನಿಂದ ಮೇಲೆ ಬರುವಾಗ ಹೆಬ್ಬೆರಳು ಮೊದಲು, ಮತ್ತೆ ನೀರಿಗಿಳಿಯುವಾಗ ಕಿರುಬೆರಳು ಮೊದಲು. ಹೀಗೆ ಇಳಿದ ಅಂಗೈ ಹೊರಮುಖವಾಗಿರುವುದರಿಂದ ನೀರನ್ನು ಚಾಕುವಿನಂತೆ ಸೀಳುತ್ತದೆ. ಅಂಗೈಯ ಹಿಂಬದಿಯಿಂದ ನೀರನ್ನು ‘ಛಪ್’ ಎಂದು ಹೊಡೆದರೆ ಗಾಳಿಗುಳ್ಳೆಗಳು ಸೇರಿ ಹಿಡಿತ ತಪ್ಪುತ್ತದೆ. ಕೈ ಇಳಿಯಬೇಕಾದದ್ದು ಭುಜದ ನೇರಕ್ಕೆ. ತಲೆಯನ್ನು ಗಡಿಯಾರದ ಹನ್ನೆರಡು ಎಂದುಕೊಂಡರೆ ಕೈಗಳು ಹನ್ನೊಂದು ಮತ್ತು ಒಂದರ ಕಡೆ ಇಳಿಯಬೇಕು. ಹನ್ನೆರಡನ್ನು ದಾಟಿದರೆ ದೇಹ ಹಾವಿನಂತೆ ಅಂಕುಡೊಂಕಾಗಿ ಸಾಗುತ್ತದೆ.

ನೀರಿನೊಳಗೆ ತೋಳನ್ನು ಕೋಲಿನಂತೆ ನೆಟ್ಟಗೆ ಇಟ್ಟು ಎಳೆಯುವುದು ವಯಸ್ಕರು ಮಾಡುವ ಸಾಮಾನ್ಯ ತಪ್ಪು. ಭುಜದ ನೋವು ಶುರುವಾಗುವುದು ಬಹುಪಾಲು ಇಲ್ಲಿಂದಲೇ. ಮೊಣಕೈ ಕೊಳದ ತಳದ ಕಡೆಗೆ ಮಡಚಿ, ಸುಮಾರು ಲಂಬಕೋನಕ್ಕೆ ಬರಬೇಕು. ಆಗ ಅಂಗೈ ಮಾತ್ರವಲ್ಲ, ಮುಂಗೈಯೂ ನೀರನ್ನು ಕಾಲಿನ ಕಡೆಗೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮದಂತೆ, ನೀರನ್ನು ಕಾಲಿನ ಕಡೆ ತಳ್ಳಿದಷ್ಟೂ ದೇಹ ತಲೆಯ ಕಡೆ ಸಾಗುತ್ತದೆ. ನೀರನ್ನು ತಳಕ್ಕೆ ಒತ್ತಿದರೆ ದೇಹ ಮೇಲಕ್ಕೇಳುತ್ತದೆಯೇ ಹೊರತು ಮುಂದಕ್ಕೆ ಹೋಗದು.

ಹಲಗೆಯಂತೆ ಚಪ್ಪಟೆಯಾಗಿ ಮಲಗಿ ಈಜುವುದೂ ಸರಿಯಲ್ಲ. ತಲೆ ಅಲುಗದೆ ನಿಂತಿರಬೇಕು, ಭುಜ ಮತ್ತು ಸೊಂಟ ಮಾತ್ರ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಒಟ್ಟಾಗಿ ಉರುಳಬೇಕು. 30ರಿಂದ 45 ಡಿಗ್ರಿಯಷ್ಟು ಉರುಳಿದರೆ ಕೈಗೆ ಆಳ ಸಿಗುತ್ತದೆ, ಭುಜದ ಕೀಲಿಗೆ ಬಿಡುವು ಸಿಗುತ್ತದೆ. ನಿಯಮವೂ ಇದನ್ನು ಒಪ್ಪುತ್ತದೆ. 90 ಡಿಗ್ರಿ ತಲುಪುವಂತೆ ಮಾತ್ರ ಉರುಳಬಾರದು.

ಕಾಲಿನ ಬಡಿತ ಹುಟ್ಟಬೇಕಾದದ್ದು ತೊಡೆಯ ಬುಡದಲ್ಲಿ, ಮಂಡಿಯಲ್ಲಲ್ಲ. ಪಾದ ಚಾಚಿ, ಹೆಬ್ಬೆರಳುಗಳು ಸ್ವಲ್ಪ ಒಳಮುಖವಾಗಿರಲಿ. ಕಾಲ್ಚೆಂಡನ್ನು ಮೇಲಕ್ಕೆ ಚಿಮ್ಮಿಸಿದಂತೆ ಪಾದದ ಮೇಲ್ಭಾಗದಿಂದ ನೀರನ್ನು ಮೇಲಕ್ಕೆ ಒದೆಯಬೇಕು. ಮೇಲ್ಮೈಯಲ್ಲಿ ಅನ್ನದ ನೀರು ಕುದಿಯುವಂತೆ ಕಂಡರೆ ಸರಿ. ಮಂಡಿ ಹೊರಗೆ ಕಂಡರೆ ಸೈಕಲ್ ತುಳಿಯುತ್ತಿದ್ದಾರೆ ಎಂದೇ ಅರ್ಥ. ಎರಡೂ ಕೈಗಳ ಒಂದು ಸುತ್ತಿಗೆ ಆರು ಬಡಿತ ಎಂಬುದು ಸ್ಪರ್ಧಿಗಳ ಲೆಕ್ಕ.

ಮುಖ ಸದಾ ಹೊರಗಿರುವುದರಿಂದ ಉಸಿರಾಟಕ್ಕೆ ತೊಂದರೆಯಿಲ್ಲ. ಆದರೆ ಹಾಗೆಂದೇ ಹಲವರು ಉಸಿರು ಬಿಗಿಹಿಡಿದು ಈಜಿ ಬೇಗ ದಣಿಯುತ್ತಾರೆ. ಒಂದು ಕೈ ಮೇಲೆ ಬರುವಾಗ ಎಳೆದುಕೊಂಡು, ಇನ್ನೊಂದು ಕೈ ಮೇಲೆ ಬರುವಾಗ ಬಿಡುವುದನ್ನು ರೂಢಿಸಿಕೊಂಡರೆ ತಾಳ ತಪ್ಪದು.

ಕಾಣದ ಗೋಡೆಯ ಲೆಕ್ಕ

ಈ ಸ್ಪರ್ಧೆಯ ಆರಂಭ ನೀರಿನೊಳಗಿನಿಂದಲೇ. ಕೈಹಿಡಿ ಹಿಡಿದು, ಪಾದಗಳನ್ನು ಗೋಡೆಗೆ ಒತ್ತಿ, ಹಿಂದಕ್ಕೆ ಚಿಮ್ಮಬೇಕು. ಎತ್ತರದಿಂದ ಧುಮುಕಲು ಅಂಜುವ ಹಿರಿಯರಿಗೆ ಇದೊಂದು ಅನುಕೂಲ. ಅನನುಕೂಲವೆಂದರೆ ಎದುರಿನ ಗೋಡೆ ಕಾಣುವುದಿಲ್ಲ. ಅದಕ್ಕಾಗಿಯೇ ಗೋಡೆಯಿಂದ 5 ಮೀಟರ್ ಈಚೆ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ, ಊರಹಬ್ಬದ ತೋರಣದಂತೆ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ಕಂಡ ಮೇಲೆ ಗೋಡೆ ಮುಟ್ಟಲು ತನಗೆ ಎಷ್ಟು ಕೈ ಬೇಕೆಂದು ಪ್ರತಿಯೊಬ್ಬರೂ ಎಣಿಸಿಕೊಳ್ಳಬೇಕು. ಕಲಿಯುವಾಗ ಗೆಳೆಯರೊಬ್ಬರು ಗೋಡೆಯ ಬಳಿ ನಿಂತು ತಲೆಗೆ ಅಂಗೈ ಒಡ್ಡಿದರೆ ಪೆಟ್ಟು ಬೀಳದು.

ತಿರುಗುವಾಗ ಬಲ್ಲವರು ಗೋಡೆಯ ಬಳಿ ಬೋರಲಾಗಿ, ಒಂದೇ ಕೈ ಎಳೆತದಲ್ಲಿ ಲಾಗ ಹಾಕಿ, ಅಂಗಾತವಾಗಿ ಗೋಡೆಯನ್ನು ಒದ್ದು ಹೊರಡುತ್ತಾರೆ. ಬೆನ್ನುನೋವು, ತಲೆಸುತ್ತು ಇರುವವರಿಗೆ ಅದು ಕಡ್ಡಾಯವಲ್ಲ. ಅಂಗಾತವಾಗಿಯೇ ಕೈಯಿಂದ ಗೋಡೆ ಮುಟ್ಟಿ, ಕಾಲು ಮಡಚಿ ತಿರುಗಿ, ಅಂಗಾತವಾಗಿಯೇ ಗೋಡೆ ಬಿಡಲು ನಿಯಮದಲ್ಲಿ ಅವಕಾಶವಿದೆ. ಕೊನೆಯ ಸ್ಪರ್ಶ ಮಾತ್ರ ಬೆನ್ನ ಮೇಲಿದ್ದೇ ಆಗಬೇಕು.

ಗೋಡೆಯನ್ನು ಒದ್ದ ಬಳಿಕ ನೀರಿನಡಿಯಲ್ಲೇ ಮೀನಿನಂತೆ ಎರಡೂ ಕಾಲು ಜೋಡಿಸಿ ಸಾಗುವ ಕಲೆಗೂ ಒಂದು ಕಥೆಯಿದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ 30 ಮೀಟರಿಗೂ ಹೆಚ್ಚು ದೂರ ನೀರಿನಡಿಯಲ್ಲೇ ಸಾಗಿ ಜನರನ್ನು ಬೆರಗುಗೊಳಿಸಿದರು. ಅದೇ ಕಲೆಯನ್ನು ಕರಗತ ಮಾಡಿಕೊಂಡಿದ್ದ ಜಪಾನಿನ ದೈಚಿ ಸುಜುಕಿ ಫೈನಲ್ಲಿನಲ್ಲಿ 55.05 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಆ ಬಳಿಕ ಇದಕ್ಕೆ ಮಿತಿ ಹಾಕಲಾಯಿತು; ಈಗ ಆ ಮಿತಿ 15 ಮೀಟರ್. ವಯಸ್ಕರು ಇದರಲ್ಲಿ ಹುರುಪು ತೋರಿಸಬಾರದು. ಮುಳುಗುವ ಮುನ್ನ ಜೋರಾಗಿ ಉಸಿರಾಡಿ ದಮ್ಮು ಕಟ್ಟುವ ಅಭ್ಯಾಸ ಅಪಾಯಕಾರಿ. ಹಾಗೆ ಮಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ‘ಉಸಿರು ಬೇಕು’ ಎಂಬ ಎಚ್ಚರಿಕೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಇಳಿದು ಎಚ್ಚರ ತಪ್ಪಬಹುದು. ದಮ್ಮು ಕಟ್ಟುವ ಪಂದ್ಯ ಆಡುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ವಾರಕ್ಕೆ ಮೂರು ದಿನ ಸಾಕು

ಶಾಲೆ, ಕಚೇರಿ, ಅಂಗಡಿ, ತೋಟ ಎಂದು ದುಡಿಯುವವರಿಗೆ ದಿನವೂ ಎರಡು ಹೊತ್ತು ಈಜಲು ಬಿಡುವೆಲ್ಲಿ? ಈಗಾಗಲೇ ಈಜು ಬಲ್ಲವರಿಗೆ ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಒಳ್ಳೆಯ ಆರಂಭ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣುವುದು ಅಗತ್ಯ.

25 ಮೀಟರ್ ಕೊಳದಲ್ಲಿ ಒಂದು ದಿನದ ಅಭ್ಯಾಸ ಹೀಗಿರಬಹುದು. ಮೊದಲು ಮೈ ಬಿಸಿಯಾಗಲು ನಿಧಾನವಾಗಿ 200 ಮೀಟರ್. ಬಳಿಕ ಕೈ ಪಕ್ಕಕ್ಕಿಟ್ಟು ಕಾಲಿನ ಬಡಿತ ಮಾತ್ರ, 25 ಮೀಟರಿನಂತೆ ಆರು ಸಲ. ಮುಂದೆ ಒಂದೇ ಕೈಯ ಈಜು ಅಥವಾ ಹಣೆಯ ಮೇಲಿನ ಲೋಟದ ಅಭ್ಯಾಸ, ಅದೂ 25ರಂತೆ ಆರು ಸಲ. ನಂತರ ದಿನದ ಮುಖ್ಯ ಭಾಗ: 50 ಮೀಟರಿನಂತೆ ಎಂಟು ಸಲ, ನಡುವೆ ಇಪ್ಪತ್ತು ಮೂವತ್ತು ಸೆಕೆಂಡು ಬಿಡುವು. ಕೊನೆಗೆ ಸಾವಕಾಶವಾಗಿ 100 ಮೀಟರ್. ಒಟ್ಟು 1000 ಮೀಟರ್ ಆಯಿತು.

ಮೂರು ದಿನವೂ ಒಂದೇ ಬಗೆ ಬೇಡ. ಒಂದು ದಿನ ಶೈಲಿಯ ತಿದ್ದುಪಡಿ, ಒಂದು ದಿನ ಕಡಿಮೆ ಬಿಡುವಿನೊಂದಿಗೆ ದೂರದ ಈಜು, ಒಂದು ದಿನ ಪೂರ್ತಿ ಬಿಡುವು ಕೊಟ್ಟು 25 ಮೀಟರಿನ ಬಿರುಸಿನ ಈಜು. ಒಟ್ಟು ದೂರವನ್ನು ವಾರಕ್ಕೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಸದಿದ್ದರೆ ಭುಜ ಉಳಿಯುತ್ತದೆ. ಪ್ರತಿ ಸಲ ಎಷ್ಟು ಸೆಕೆಂಡು, ಎಷ್ಟು ಕೈ ಎಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ಅದೇ ಸಮಯದಲ್ಲಿ ಎರಡು ಕೈ ಕಡಿಮೆಯಾದರೆ ಅದು ಪ್ರಗತಿ. ಸಮಯ ಇಳಿದು ಕೈಗಳ ಎಣಿಕೆ ಏರಿದ್ದರೆ, ಶ್ರಮದಿಂದ ಗೆದ್ದದ್ದು, ಶೈಲಿಯಿಂದಲ್ಲ.

ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಈಜುಕೊಳ ಕೈಗೆಟಕುವಂತಿಲ್ಲ ಎಂಬುದು ವಾಸ್ತವ. ಅರಕಲಗೂಡಿನಲ್ಲಿದ್ದು ವಾರಕ್ಕೊಮ್ಮೆ ಮಾತ್ರ ಕೊಳ ಸಿಗುವವರೂ ಸುಮ್ಮನೆ ಕೂರಬೇಕಿಲ್ಲ. ಗೋಡೆಗೆ ಬೆನ್ನು, ತಲೆ ತಾಗಿಸಿ ನಿಂತು ಎರಡೂ ತೋಳುಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ ನೋಡಲಿ. ಸೊಂಟ ಮುಂದಕ್ಕೆ ಬಾಗದೆ ಹೆಬ್ಬೆರಳು ಗೋಡೆಗೆ ತಾಗದಿದ್ದರೆ ಭುಜ ಬಿಗಿದಿದೆ ಎಂದರ್ಥ. ನೋವಾಗದ ಹಾಗೆ ದಿನವೂ ಐದು ನಿಮಿಷ ಅದನ್ನೇ ಅಭ್ಯಾಸ ಮಾಡಬಹುದು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈ ಮಡಚಿ ತೊಡೆಯವರೆಗೆ ಎಳೆಯುವುದು ತೋಳಿಗೆ ಒಳ್ಳೆಯ ವ್ಯಾಯಾಮ. ಪಾದ ಚಾಚಿ ಕಾಲಿನ ಗಿಣ್ಣುಗಳನ್ನು ಸಡಿಲಗೊಳಿಸುವುದು ಟಿ.ವಿ. ನೋಡುತ್ತಲೂ ಆಗುವ ಕೆಲಸ.

ಹೊಳೆ ಕೊಳವಲ್ಲ

ಇಷ್ಟು ಓದಿ, ‘ನಮ್ಮೂರ ಹೊಳೆ ಇದೆಯಲ್ಲ, ಕೊಳ ಯಾಕೆ?’ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಖಡಾಖಂಡಿತ ಉತ್ತರ ಬೇಕು. ಅಂಗಾತ ಈಜುವವನಿಗೆ ಮುಂದಿನದು ಕಾಣುವುದಿಲ್ಲ. ಕೊಳದಲ್ಲಿ ಬಾವುಟವಿದೆ, ಹಗ್ಗದ ಸಾಲಿದೆ. ಹೊಳೆಯಲ್ಲಿ ಬಂಡೆ, ಮರದ ಬೊಡ್ಡೆ, ಸೆಳವು. ಗೊರೂರಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗಿನ ಹೊಳೆನರಸೀಪುರದ ಕಡೆ ಹೇಮಾವತಿಯ ಮಟ್ಟ ಏರುತ್ತದೆ. ರಾಮನಾಥಪುರದಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹಾದುಹೋಗುವ ಹೇಮಾವತಿ ನಾಲೆಯ ನೀರು ಶಾಂತವಾಗಿ ಕಂಡರೂ, ಇಳಿಜಾರಿನ ಪಾಚಿಗಟ್ಟಿದ ಕಾಂಕ್ರೀಟು ಹಿಡಿದು ಮೇಲೆ ಹತ್ತುವುದು ಬಲ್ಲವರಿಗೂ ಕಷ್ಟ. ಕೆರೆಗಳಲ್ಲಿ ಹೂಳು, ಮಣ್ಣು ತೆಗೆದ ಗುಂಡಿ.

2024ರ ಮೇ ತಿಂಗಳಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆರೆಗೆ ಈಜಲು ಹೋದ ನಾಲ್ವರು ಬಾಲಕರು ಮರಳಿ ಮನೆಗೆ ಬರಲಿಲ್ಲ. ಬೇಸಿಗೆ ರಜೆ ಬಂದಾಗಲೆಲ್ಲ ಇಂಥ ಸುದ್ದಿ ಎಲ್ಲಿಂದಲಾದರೂ ಬರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ನಿಲ್ಲುತ್ತಿದ್ದ ಹಿರಿಯರು ಇಂದಿನ ಮಕ್ಕಳ ಜೊತೆಗಿಲ್ಲ. ನೀರಿನ ಆಸೆ ಮಾತ್ರ ಹಾಗೆಯೇ ಇದೆ.

ಬ್ಯಾಕ್‌ಸ್ಟ್ರೋಕ್ ಕಲಿತ ವಯಸ್ಕರ ಬೆಲೆ ಪದಕಕ್ಕಿಂತ ದೊಡ್ಡದಾಗುವುದು ಇಲ್ಲಿಯೇ. ನೀರಿನಲ್ಲಿ ಅಕಸ್ಮಾತ್ ಸಿಕ್ಕಿಕೊಂಡವರು ಸಾಮಾನ್ಯವಾಗಿ ಮಾಡುವುದು ತಲೆ ಎತ್ತಿ ಕೈ ಬಡಿಯುವುದನ್ನು. ಹಾಗೆ ಮಾಡಿದಷ್ಟೂ ಕಾಲು ಇಳಿಯುತ್ತದೆ, ದಣಿವು ಏರುತ್ತದೆ. ತಲೆ ಹಿಂದಕ್ಕೆ ಒರಗಿಸಿ, ಎದೆ ತುಂಬ ಗಾಳಿ ಹಿಡಿದು, ಅಂಗಾತ ತೇಲುತ್ತ ಕೂಗಿ ಕರೆದರೆ ನೆರವು ಬರುವವರೆಗೆ ಕಾಲ ಸಿಗುತ್ತದೆ. ಒಲಿಂಪಿಕ್ಸ್‌ನ ಈಜುಗಾರ ಕಲಿಯುವ ಮೊದಲ ಪಾಠ ಯಾವುದೋ ಜೀವ ಉಳಿಸುವ ಮೊದಲ ಪಾಠವೂ ಅದೇ. ಅದನ್ನು ಮಗುವಿಗೆ ಕಲಿಸಬೇಕಾದರೆ ತಂದೆ ತಾಯಿಗೆ ಗೊತ್ತಿರಬೇಕು. ತರಬೇತುದಾರ ವಾರಕ್ಕೆ ಮೂರು ದಿನ ಸಿಗುತ್ತಾರೆ, ಹೆತ್ತವರು ಏಳು ದಿನವೂ ಇರುತ್ತಾರೆ.

ಆದ್ದರಿಂದ ಮುಂದಿನ ರಜೆಯಲ್ಲಿ ಮಗಳು ‘ನೀನೂ ಇಳಿಯಪ್ಪ’ ಎಂದಾಗ ಟವೆಲ್ಲನ್ನು ಕಟ್ಟೆಯ ಮೇಲಿಟ್ಟು ಇಳಿಯಿರಿ. ಮೊದಲ ದಿನ ಕೈ ಬೇಡ, ವೇಗವೂ ಬೇಡ. ಎದೆಮಟ್ಟದ ನೀರಿನಲ್ಲಿ, ತರಬೇತುದಾರರು ಪಕ್ಕದಲ್ಲಿ ನಿಂತಿರುವಾಗ, ತಲೆಯನ್ನು ನೀರಿಗೆ ಒರಗಿಸಿ ಮೇಲೆ ನೋಡಿ. ಕಿವಿಯೊಳಗೆ ನೀರು ತುಂಬಿ ಹೊರಗಿನ ಗದ್ದಲವೆಲ್ಲ ನಿಂತುಹೋಗುತ್ತದೆ. ಅದೇ ಹೊತ್ತಿಗೆ, ಇಷ್ಟು ದಿನ ಇಳಿಯುತ್ತಿದ್ದ ಕಾಲು ತಾನಾಗಿ ಮೇಲೆ ಬರುವುದು ತಿಳಿಯುತ್ತದೆ. ನೂರು ಮೀಟರಿನ ಪಂದ್ಯ ಆರಂಭವಾಗುವುದು ಅಲ್ಲಿಂದ.